ಎರಡು, ಒಂದು, ಎರಡು

ನಗೋರು ಈಗಲೇ ನಕ್ಕುಬಿಡಿ. ನಡುವೆ ಬಾಯಿ ಹಾಕಿದ್ರೆ ನಾನು ಎದ್ದು ಹೋಗ್ತೀನಿ. ಇದು ಯಾರೋ ಎಲ್ಲೋ ಹೇಳಿದ್ದಲ್ಲ, ನನ್ನ ಚಿಕ್ಕಮ್ಮನ ಮಗನಿಗೇ ಆಗಿದ್ದು.

ಅವನ ಕೆಲಸ ಗೊತ್ತಲ್ಲ? ನಕ್ಷತ್ರಗಳ ಎಕ್ಸ್‌ರೇ ಗಾಳಿ ದಾಟಿ ನೆಲಕ್ಕೆ ಇಳಿಯಲ್ಲ. ಅದಕ್ಕೇ ದೂರದರ್ಶಕಾನ ಉಪಗ್ರಹದಲ್ಲಿಟ್ಟು ಮೇಲೆ ಕಳಿಸಿದಾರೆ. ಅದು ನಮ್ಮ ತಲೆ ಮೇಲೆ ಹಾದಾಗಲೇ ಡೇಟಾ ಇಳಿಸ್ಕೋಬೇಕು, ಹೊತ್ತು ಗೊತ್ತು ಅಂತಿಲ್ಲ. ಅವತ್ತು ಇವನು ಇಳಿಸಿ ಮುಗಿಸಿದಾಗ ರಾತ್ರಿ ಒಂದೂವರೆ. ಹಿಂದುಗಡೆ ಗೇಟಿಂದ ಮನೆಗೆ ಹೊರಟ. ಆ ದಾರೀಲಿ ಒಂದು ಹಾಳು ಬಾವಿ. ನೀರಿಲ್ಲ. ಮೇಲೆ ಕಬ್ಬಿಣದ ಮುಚ್ಚಳ, ಅದಕ್ಕೊಂದು ಬೀಗ.

ಮುಚ್ಚಳದ ಕೆಳಗಿಂದ... ಟಿಕ್ ಟಿಕ್.

ನಿಂತ.

ಸ್ವಲ್ಪ ಹೊತ್ತು ಏನೂ ಇಲ್ಲ... ಟಿಕ್. ಮತ್ತೆ ಏನೂ ಇಲ್ಲ... ಟಿಕ್ ಟಿಕ್.

ನೀರು ತೊಟ್ಟಿಕ್ಕೋ ಸದ್ದಲ್ಲ. ಒಣ ಸದ್ದು, ಉಗುರಲ್ಲಿ ತಗಡು ತಟ್ಟಿದ ಹಾಗೆ. ಆ ಸದ್ದು ಇವನಿಗೆ ಗೊತ್ತಿತ್ತು.

ಇವನ ಆಫೀಸಲ್ಲಿ ಒಬ್ಬಳಿದ್ದಳು. ಟಿಕ್‌ಟಿಕ್ ಅಕ್ಕ ಅಂತಲೇ ಎಲ್ಲರೂ ಕರೀತಿದ್ದಿದ್ದು. ಒಂದು ಎಕ್ಸ್‌ರೇ ಕಣ ಬಂದ್ರೆ ಸ್ಪೀಕರಲ್ಲಿ ಒಂದು ಟಿಕ್, ಹಾಗೆ ಮಾಡ್ಕೊಂಡಿದ್ದಳು. ಅವಳು ಹಟ ಹಿಡಿದು ಕೂತಿದ್ದು ಒಂದೇ ಒಂದು ಗ್ಯಾಲಕ್ಸಿಗೆ. ರೇಡಿಯೋದಲ್ಲಿ ನೋಡಿದ್ರೆ ಎರಡೂ ಕಡೆ ದೊಡ್ಡ ದೊಡ್ಡ ಮೋಡ, ನಡುವೆ ಬರೀ ಕತ್ತಲು. ನಡುವಿನ ಕಪ್ಪು ಕುಳಿ ಆ ಮೋಡ ಉಗುಳೋದು ನಿಲ್ಲಿಸಿ ಯಾವ ಕಾಲವಾಯ್ತೋ, ಇದು ಸತ್ತಿದೆ ಅಂತ ಎಲ್ಲರೂ ಕೈಬಿಟ್ಟಿದ್ರು. ಇವಳು ಆ ಕತ್ತಲಿಂದಲೇ ಐದು ಕಣ ಹಿಡಿದಳು. ಎರಡು, ಒಂದು, ಎರಡು. "ಸತ್ತಿಲ್ಲ ಕಣೋ, ಉಸಿರಾಡ್ತಿದೆ!" ಅಂತ ಇವನ ಬೆನ್ನಿಗೆ ಗುದ್ದಿದಳಂತೆ.

"ಐದು ಕಣ ಇಟ್ಕೊಂಡು ಅಂಗಡಿ ತೆಗೀತೀಯೇನಮ್ಮ?" ಅಂತ ಅವರ ಆಫೀಸಿನ ಸಾಹೇಬ ನಕ್ಕ. ಅದನ್ನೇ ಇನ್ನೂ ನೋಡೋಕೆ ದೂರದರ್ಶಕದ ಸಮಯ ಕೇಳಿ ಮೂರು ವರ್ಷ ಅರ್ಜಿ ಹಾಕಿದಳು. ಮೂರು ಸಲವೂ ಇಲ್ಲ. ಆಮೇಲೆ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಳು. ಅದೇ ಅರ್ಜಿ ಸಾಹೇಬನ ಹೆಸರಲ್ಲಿ ಹೋಯ್ತು, ಎರಡು ದಿನ ಪೂರ್ತಿ ಸಿಕ್ತು! ಕಣ ಸಾವಿರಗಟ್ಟಲೆ ಬಂತು. ಗ್ಯಾಲಕ್ಸಿ ಬದುಕೇ ಇತ್ತು.

ಇದರ ಸಂಶೋಧನಾ ಪೇಪರ್ ಸಾಹೇಬ ಬರೆಸಿದ್ದು ಇವನ ಕೈಲಿ. ಮೊದಲನೇ ಹೆಸರು ಅಕ್ಕಂದೇ ಹಾಕಿದ್ದ. "ಇದು ತೆಗಿ" ಅಂದ ಸಾಹೇಬ. ತೆಗೆದ. ಕೆಲಸ ಕಾಯಂ ಆಗೋದಿತ್ತು ನೋಡಿ.

ಅದೇ ಸಂಜೆ ಆಸ್ಪತ್ರೆಗೆ ಹೋದ. ಅವಳಿಗೆ ಮಾತಾಡೋಕೂ ತ್ರಾಣ ಇರಲಿಲ್ಲ.

"ನನ್ನ ಹೆಸರು ಇದೆಯೇನೋ?"

"ನಿಮ್ಮದೇ ಮೊದಲು, ಅಕ್ಕ."

ಅವಳು ನಕ್ಕಳಂತೆ. ಎರಡು ದಿನಕ್ಕೆ ಹೋಗಿಬಿಟ್ಟಳು.

ಅದಾಗಿ ವಾರಕ್ಕೇ ಈ ಬಾವಿ. ಮುಚ್ಚಳದ ಕೆಳಗಿಂದ, ಪಿಸುದನಿ...

"ಎಷ್ಟಾಯ್ತೋ?"

ಇವನ ಬಾಯಿ ತಾನಾಗೇ ಹೇಳ್ತು. "ಐದು, ಅಕ್ಕ."

"ಹೆಸರು?"

...

ಬೀಗ ಒಂದು ಸಲ ಕಟಕ್ ಅಂತು. ಇವನು ಎದ್ದೆನೋ ಬಿದ್ದೆನೋ ಅಂತ ಓಡಿದ.

ಆಮೇಲಾದ್ರೂ ಬುದ್ಧಿ ಬಂತಾ ಅಂತೀರಾ? ಪೇಪರ್ ಅಚ್ಚಿಗೆ ಹೋಗೋಕೆ ಇನ್ನೂ ಒಂದು ದಿನ ಇತ್ತು. ಬೆಳಿಗ್ಗೆ ಹೆಸರು ಸೇರಿಸಿ ಅಂತ ಕೇಳೋಕೆ ಸಾಹೇಬನ ಕೋಣೆಗೆ ಹೋದ. ಅಲ್ಲಿ ಇವನ ಕಾಯಂ ಪತ್ರಕ್ಕೆ ಸಹಿ ಬೀಳ್ತಿತ್ತು. "ಥ್ಯಾಂಕ್ಸ್ ಸಾರ್" ಅಂದ, ಬಂದ. ಥೂ! ದೆವ್ವ ಬಂದು ಕೇಳಿದ್ರೂ ಬಾಯಿ ಬಿಡದ ಮನುಷ್ಯ. ನನ್ನ ತಮ್ಮ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ ನನಗೆ.

ಪೇಪರ್ ಬಂತು. ನಾಲ್ಕು ಹೆಸರು. ಮೊದಲನೇದು ಸಾಹೇಬಂದು. ಅದಕ್ಕೂ ಮುಂಚೆ ಒಂದು ಹೆಸರು ಹಿಡಿಸೋವಷ್ಟು ಜಾಗ ಖಾಲಿ, ಅಲ್ಲಿ ಸಣ್ಣ ಸಣ್ಣ ಕಪ್ಪು ಚುಕ್ಕಿ. ನಾವು ಹಾಕಿಲ್ಲ ಅಂದ್ರು ಅಚ್ಚಿನವರು. ಕಳಿಸಿದ ಫೈಲಲ್ಲೂ ಇಲ್ಲ. ಇನ್ನೊಂದು ಸಲ ಅಚ್ಚು ಹಾಕಿಸಿದ್ರು, ಆಗಲೂ ಬಂತು. ಸುಳ್ಳು ಅನ್ನೋರು ನಾಳೆ ಮನೆಗೆ ಬನ್ನಿ, ಒಂದು ಪ್ರತಿ ನನ್ನ ಬೀರುವಲ್ಲಿದೆ. ನಾನೇ ಬೆರಳಿಟ್ಟು ಎಣಿಸಿದೀನಿ. ಎರಡು. ಸ್ವಲ್ಪ ಜಾಗ ಬಿಟ್ಟು ಒಂದು. ಮತ್ತೆ ಸ್ವಲ್ಪ ಬಿಟ್ಟು, ಎರಡು.