ಪೋಲಿ ಸಿನಿಮಾದ ಮೂಲೆಯಲ್ಲಿ ಅಪ್ಪ

ಬ್ಯಾಲರಾಟ್ ಊರಿನ, ನಾಣ್ಯ ಹಾಕಿ ನಾವೇ ಬಟ್ಟೆ ಒಗೆದುಕೊಳ್ಳುವ ಲಾಂಡ್ರಿಯಲ್ಲಿ ನಾನು ಮಕ್ಕಳ ಬಟ್ಟೆ ಮಡಚುತ್ತಿದ್ದೆ. ಪಕ್ಕದಲ್ಲಿ ಒಬ್ಬರು ಅಜ್ಜಿ, ಅವರ ಮಗಳು.

“ಶನಿವಾರ ಥಿಯೇಟರಲ್ಲಿ ನೀನು ನಟಿಸಿದ್ದ ಹಳೇ ಪೋಲಿ ಸಿನಿಮಾ ಹಾಕ್ತಾರಮ್ಮ. ನಿನ್ನನ್ನೂ ಕರೆದಿದ್ದಾರೆ.”

“ಬಟ್ಟೆಯಿಲ್ದೆ ಓಡಾಡಿದ್ದನ್ನ ಈಗ ಕೂತು ನೋಡ್ಲಾ, ಟಾನ್ಯಾ? ಆಗ್ಲೇ ನೋಡ್ಲಿಲ್ಲ. ಚರ್ಚಿನೋರು ನಗ್ತಾರೆ.”

“ನಗ್ಲಿ ಅಂತ ತಾನೇ ಮಾಡಿದ್ದು? ಅವರೆಲ್ಲ ಟಿಕೆಟ್ ತಗೊಂಡಾಯ್ತು.”

“ನಾನಂತೂ ಬರಲ್ಲ.”

“ನೀನು ಕೆರೆಯಿಂದ ಎದ್ದು ಬರೋವಾಗ ಕ್ಯಾಮೆರಾದವನು ಎಡವಟ್ಟು ಮಾಡಿದ್ದಾನೆ. ಮೂಲೇಲಿ ಅಪ್ಪ ಕಂಬಳಿ ಹಿಡ್ಕೊಂಡು ನಿಂತಿರೋದು ಕಾಣುತ್ತೆ. ಜನ ಚಪ್ಪಾಳೆ ಹೊಡೆಯೋದೇ ಅಲ್ಲಿ.”

ಅಜ್ಜಿ ಕೈಲಿದ್ದ ಟವೆಲನ್ನು ಬುಟ್ಟಿಗೆ ಹಾಕಿದರು.

“ನಂಗೆ ಚಳಿಯಾಗುತ್ತೆ ಅಂತ ನಿಂತಿರ್ತಿದ್ದ. ಅವನು ಹೋದ್ಮೇಲೆ ಎಷ್ಟು ಹುಡುಕಿದೆ, ಆ ವಯಸ್ಸಿನ ಫೋಟೋ ಒಂದೂ ಸಿಗ್ಲಿಲ್ಲ. ಮುಖ ಕಾಣುತ್ತಾ?”

“ಮೀಸೆ ಸಮೇತ.”

“ಮುಂದಿನ ಸಾಲಲ್ಲಿ ಜಾಗ ಹಿಡಿ. ನನ್ನ ಕಣ್ಣು ಮಂಜು.”

ಬುಟ್ಟಿಯನ್ನು ಇಬ್ಬರೂ ಹಿಡಿದುಕೊಂಡು ಹೊರಟರು.