ನಾಲ್ಕನೆಯ ಹೆಸರು

೧೯೫೭ರ ಚುನಾವಣೆಯ ಸಮಯ. ಬಂಟ್ವಾಳದ ಬಸ್ ನಿಲ್ದಾಣದಲ್ಲಿ ಸಂಕಪ್ಪ ಮಾಸ್ತರರ ಪಕ್ಕ ಗಂಡ-ಹೆಂಡತಿ ಇಬ್ಬರು ಕುಳಿತಿದ್ದರು. ಗಂಡನ ಕೈಯಲ್ಲಿ ಮಂಗಳೂರಿನಲ್ಲಿ ಅಚ್ಚಿಗೆ ಕೊಡಬೇಕಾದ ಹೊಸ ಕ್ರೈಸ್ತ ಪಕ್ಷದ ಕರಪತ್ರವಿತ್ತು.

“ನಾಯಕರು ಯಾರೆಲ್ಲ?” ಹೆಂಡತಿ ಕೇಳಿದಳು.

“ಒಬ್ಬರು ವಕೀಲರು, ಒಬ್ಬರು ಹಂಚಿನ ಕಾರ್ಖಾನೆಯವರು, ಮತ್ತೆ ನಮ್ಮ ಧಣಿಗಳು. ಕೊನೆಗೆ ನಾನು.”

“ನಿಮ್ಮನ್ನು ಏನಂತ ಬರೆದಿದ್ದಾರೆ?”

“ಜಮೀನುದಾರ ಅಂತ.”

“ನಮಗೆ ಜಮೀನು ಎಲ್ಲಿ ಉಂಟು ಮಾರಾಯ್ರೇ? ಧಣಿಗಳ ಗೇಣಿ ಒಕ್ಕಲಲ್ವಾ ನಾವು?”

“ಮೆಲ್ಲ ಮಾತಾಡು ನತಾಲಿಯಾ. ಅವರೇ ಬರೆಸಿದ್ದು. ತಿದ್ದಿದರೆ ಗದ್ದೆ ಬಿಡಿಸ್ತಾರೆ.”

“ಹಾಗಾದರೆ ಒಕ್ಕಲುಗಳ ಪರ ಅಲ್ಲಿ ಮಾತಾಡುವವರು ಯಾರು?”

ಆತ ಕರಪತ್ರ ಬಿಡಿಸಿ ತನ್ನ ಹೆಸರನ್ನು ಇನ್ನೊಮ್ಮೆ ಓದಿದ. ಮಾಸ್ತರರು ಕಿವಿಗೊಟ್ಟು ಕೇಳುತ್ತಿದ್ದರು.

ಮಂಗಳೂರಿನ ಬಸ್ಸು ಬಂತು. ಆತ ಎದ್ದು ಮಾಸ್ತರರಲ್ಲಿ ಪೆನ್ನು ಕೇಳಿದ. ‘ಜಮೀನುದಾರ’ ಎಂಬುದನ್ನು ಹೊಡೆದುಹಾಕಿ ‘ಗೇಣಿ ಒಕ್ಕಲು’ ಎಂದು ಬರೆದ. ಪೆನ್ನು ಮರಳಿಸಿ, ಹೆಂಡತಿಯ ಹಿಂದೆ ಬಸ್ಸು ಹತ್ತಿದ.