ಮರೆಯೊಳಗಿನ ಅರ್ಧ ಗಂಟೆ

ಒಲೆಗೆ ಇನ್ನೊಂದು ಕೊರಡು ಹಾಕಿ, ಹೇಳ್ತೀನಿ. ನಡುವೆ ಯಾರೂ ನಗಬಾರದು. ನಗೋರು ಈಗಲೇ ಎದ್ದು ಹೋಗಿ ಕಾರಲ್ಲಿ ಕೂತ್ಕೊಳ್ಳಿ. ಇದು ಅವರಿವರು ಹೇಳಿದ್ದಲ್ಲ. ನನ್ನ ದೊಡ್ಡಪ್ಪನ ಮಗ ರಸೆಲ್‌ಗೆ ಆಗಿದ್ದು, ಇಲ್ಲೇ, ಮಿಷಿಗನ್ನಿನ ಈ ಉತ್ತರದ ತುದೀಲೇ, ಹೋದ ವರ್ಷ ಅಕ್ಟೋಬರ್ ಕೊನೇ ವಾರ.

ಅಪ್ಪ ಮಗ ಇಬ್ಬರೂ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೊರಟಿದ್ರು. ಆ ಪಾಳು ಹೊಲದಲ್ಲಿ ಹಲಗೆ ಮುಚ್ಚಿರೋ ಬಾವಿ ಇದೆಯಲ್ಲ, ಅದನ್ನ ದಾಟಿದ ಮೇಲೆ ಒಂದು ಮಾತೂ ಆಡಬಾರದು ಅಂತ ಅರ್ವೊ ದೊಡ್ಡಪ್ಪನ ಕಟ್ಟಪ್ಪಣೆ. ಹಾಗಾಗಿ ಬಾವಿ ಹತ್ರ ನಿಂತ್ರು. ದೊಡ್ಡಪ್ಪನಿಗೆ ಎಪ್ಪತ್ತೊಂದು, ಎದೆನೋವು ಬೇರೆ. ನೋವು ಬಂದ್ರೆ ನಾಲಿಗೆ ಕೆಳಗೆ ಇಡೋ ಮಾತ್ರೆ ಡಬ್ಬೀನ ಐಲಿ ದೊಡ್ಡಮ್ಮ ತಾನೇ ಅವರ ಜೇಬಿಗೆ ಹಾಕಿ, ಗುಂಡಿ ಬಿಗಿದು ಕಳಿಸಿದ್ರು. ಈ ಮನುಷ್ಯ ಏನು ಮಾಡಿದ್ರು ಗೊತ್ತಾ? ಡಬ್ಬಿ ತೆಗೆದು ಮಗನ ಕೈಗಿಟ್ರು.

"ನೀನಿಟ್ಕೋ. ಲೊಟಲೊಟ ಅನ್ನುತ್ತೆ. ಜಿಂಕೆ ಕೇಳಿಸ್ಕೊಳ್ಳುತ್ತೆ."

"ಹಾಗಾದ್ರೆ ಒಂದೇ ಮರೇಲಿ ಕೂರೋಣಪ್ಪ."

"ನಿನ್ನ ಪಕ್ಕಾನಾ? ನಿನ್ನ ಹೊಟ್ಟೆ ಗುಡುಗೋದು ಕೇಳಿದ್ರೆ ಸಾಕು, ಅವು ವಿಸ್ಕಾನ್ಸಿನ್ ಸೇರ್ಕೊಳ್ತವೆ."

"ನೋವು ಬಂದ್ರೆ?"

"ಟಾರ್ಚ್ ಮೂರು ಸಲ ಮಿನುಗಿಸ್ತೀನಿ. ಓಡಿ ಬಾ."

ಮರೆ ಅಂದ್ರೆ ನೆಲದ ಮೇಲೆ ನಿಲ್ಲಿಸೋ ಡೇರೆ. ಒಳಗೆಲ್ಲ ಕಪ್ಪು ಬಟ್ಟೆ, ಇಬ್ಬರು ಒತ್ತಿ ಕೂರೋಷ್ಟು ಜಾಗ. ಹಿಂದಿನ ಕಿಟಕಿ ತೆರೆದಿದ್ರೆ ಬೆಳಕಿಗೆ ನಮ್ಮ ನೆರಳು ಜಿಂಕೆಗೆ ಕಾಣುತ್ತೆ. ಅದಕ್ಕೆ ಅದನ್ನ ಮುಚ್ಚೋದು ನಮಗೆಲ್ಲ ಅಭ್ಯಾಸ. ರಸೆಲ್ ಕೂಡ ಯೋಚನೆ ಮಾಡದೆ ಮುಚ್ಚಿಬಿಟ್ಟ. ಅಪ್ಪನ ಮರೆ ಇದ್ದದ್ದು ಹಿಂದುಗಡೆ, ಇನ್ನೂರು ಹೆಜ್ಜೆ ದೂರದಲ್ಲಿ. ಇದನ್ನ ಹೇಳುವಾಗ ನಂಗೆ ಇವತ್ತಿಗೂ ಸಂಕಟ ಆಗುತ್ತೆ. ನಾನಾಗಿದ್ರೂ ಮುಚ್ಚೇ ಮುಚ್ತಿದ್ದೆ.

ಸಂಜೆ ಆರೂವರೆಗೆ, ಕತ್ತಲಾಗೋ ಹೊತ್ತಿಗೆ, ಗಂಡು ಜಿಂಕೆಯೊಂದು ಬಂತು. ಬಾಣ ಬಿಟ್ಟ. ದಪ್ ಅಂತು. ಆಮೇಲೆ ಒಣಗಿದ ಕೊಂಬೆ ಪಟಪಟ ಮುರಿದ ಸದ್ದು... ಅಷ್ಟೇ. ಬಾಣ ತಗುಲಿದ ಜಿಂಕೆ ಹಿಂದೆ ತಕ್ಷಣ ಹೋಗಬಾರದು, ಹೋದ್ರೆ ಅದು ಮೈಲಿಗಟ್ಟಲೆ ಓಡುತ್ತೆ. ಅರ್ಧ ಗಂಟೆ ಕೂತಿರಬೇಕು. ಕೂತ.

ಆಗ ಹಿಂದಿನಿಂದ ಠಣ್ ಅಂತ ಸದ್ದು. ತಗಡಿನ ಸ್ಟೂಲು ಉರುಳಿದ ಹಾಗೆ.

ಅಪ್ಪನಿಗೇನೋ ಆಯ್ತು ಅಂದ್ಕೊಂಡು ರಸೆಲ್ ಏಳೋಕೆ ಹೋದ. ಎಡ ತೊಡೆ ಮೇಲೆ ಯಾರೋ ಕೈಯಿಟ್ರು.

"ಕೂತ್ಕೋ... ಅರ್ಧ ಗಂಟೆ."

ಅಪ್ಪನದೇ ದನಿ. ಕಿವಿ ಹತ್ರ. ರಸೆಲ್‌ಗೆ ಹೋದ ಜೀವ ಬಂದ ಹಾಗಾಯ್ತಂತೆ. ಸದ್ಯ, ನೋವು ಶುರುವಾಗೋಕೆ ಮೊದ್ಲೇ ನನ್ನ ಹತ್ರ ಬಂದುಬಿಟ್ಟಿದ್ದಾರೆ ಅಂದ್ಕೊಂಡ. ಒಳಗೆ ಕಣ್ಣಿಗೆ ಏನೂ ಕಾಣ್ತಿರಲಿಲ್ಲ.

"ಅಪ್ಪ, ಮಾತ್ರೆ ಕೊಡ್ಲಾ?"

"ಬೇಡ."

"ಎದೆ ಹೇಗಿದೆ?"

"ಶ್... ಅಲುಗಾಡಬೇಡ."

ಸ್ವಲ್ಪ ಹೊತ್ತಾದ ಮೇಲೆ ಅವನಿಗೆ ಒಂದು ಅನಿಸ್ತು. ಅಪ್ಪನ ಉಸಿರು ಯಾವಾಗ್ಲೂ ಕಾಫಿ ವಾಸನೆ. ಈ ಉಸಿರಿಗೆ ವಾಸನೇನೇ ಇಲ್ಲ... ಆಮೇಲೆ ಇನ್ನೊಂದು ಹೊಳೀತು. ಮರೆಯ ಜಿಪ್ಪು ತೆಗೆದ್ರೆ ಜರ್ರ್ ಅಂತ ಕಾಡೆಲ್ಲ ಕೇಳುತ್ತೆ. ಅದು ಕೇಳಿಸೇ ಇರಲಿಲ್ಲ.

ಏಳೋಕೆ ನೋಡಿದ. ಕಾಲು ಮಾತು ಕೇಳ್ಲಿಲ್ಲ. ಅಪ್ಪಾ ಅಂತ ಕೂಗೋಕೆ ನೋಡಿದ, ಗಂಟಲಿಂದ ಗಾಳಿ ಬಂತೇ ಹೊರತು ದನಿ ಬರಲಿಲ್ಲ. ಅಳ್ತಾ ಕೂತಿದ್ನಂತೆ. ನಲವತ್ತು ದಾಟಿದ ಗಂಡಸು, ಜೇಬಲ್ಲಿ ಮಾತ್ರೆ ಇಟ್ಕೊಂಡು, ಕತ್ತಲಲ್ಲಿ ಸುಮ್ನೆ ಅಳ್ತಾ.

ಏಳಕ್ಕೆ ಸರಿಯಾಗಿ ಕೈ ತೊಡೆ ಬಿಡ್ತು. "ಈಗ ಹೋಗು."

ಜಿಪ್ಪು ಒಳಗಿಂದ ಹಾಕಿದ ಹಾಗೇ ಇತ್ತು. ಕಿತ್ತು ಓಡಿದ. ದೊಡ್ಡಪ್ಪ ತಮ್ಮ ಮರೆಯ ಹೊರಗೆ ಬೋರಲು ಬಿದ್ದಿದ್ರು. ಟಾರ್ಚು ಉರೀತಾನೇ ಇತ್ತು, ರಸೆಲ್‌ನ ಮರೆ ಕಡೆಗೇ ತಿರುಗಿತ್ತು. ಕೈ ಇನ್ನೂ ಬೆಚ್ಚಗಿತ್ತಂತೆ. ನಾಲಿಗೆ ಕೆಳಗೆ ಮಾತ್ರೆ ಇಟ್ಟ, ಇನ್ನೊಂದಿಟ್ಟ... ಏನು ಪ್ರಯೋಜನ.

ಜೀವ ಹೋಗಿದ್ದು ಹೆಚ್ಚುಕಡಿಮೆ ಏಳಕ್ಕೆ ಹತ್ತು ನಿಮಿಷ ಇರುವಾಗ ಅಂದ್ರು ಡಾಕ್ಟರು. ಅಂದ್ರೆ ರಸೆಲ್ ಕಿವೀಲಿ ಆ ದನಿ ಬೇಡ ಅಂದಾಗ ದೊಡ್ಡಪ್ಪ ಬದುಕಿದ್ರು. ಟಾರ್ಚು ಮಿನುಗಿಸ್ತಾ ಇದ್ರು.

ಮಾರನೇ ದಿನ ಮರೆ ಬಿಚ್ಚೋಕೆ ಹೋದವನು ನಾನೇ. ಜಿಂಕೆ ಸಿಗಲಿಲ್ಲ, ಎಲ್ಲೂ ಒಂದು ಹನಿ ರಕ್ತ ಇರಲಿಲ್ಲ. ಕಾಲಡಿ ಎಲೆ ಸದ್ದಾಗಬಾರದು ಅಂತ ಮರೆಯೊಳಗೆ ನೆಲ ಕೆರೆದು ಬರೀ ಮಣ್ಣು ಮಾಡಿರ್ತೀವಿ. ಸ್ಟೂಲಿನ ಎಡಕ್ಕೆ, ಆ ಹಸಿ ಮಣ್ಣಲ್ಲಿ, ಯಾರೋ ಮೊಣಕಾಲೂರಿ ಕೂತ ಗುರುತು. ರಸೆಲ್‌ಗೆ ಹೇಳಿದೆ. ಅವನು ಒಂದೇ ಮಾತು ಕೇಳಿದ: "ಅಪ್ಪಂದೇನಾ?"

ಅಪ್ಪಂದೇ ಕಣೋ, ಅವರೇ ಮಾತ್ರೆ ಬೇಡ ಅಂದಿದ್ದು, ಅಂದೆ. ಅಷ್ಟು ಹೇಳಿದ ಮೇಲೇ ಅವನು ಅನ್ನ ನೀರು ಮುಟ್ಟಿದ್ದು. ಈ ಕತೇಲಿ ನಾನು ಹೇಳಿದ ಸುಳ್ಳು ಅದೊಂದೇ, ಉಳಿದದ್ದೆಲ್ಲ ನಡೆದದ್ದು. ಆ ಮೊಣಕಾಲಿನ ಗುರುತು ನಾನು ಕೈಯಿಟ್ಟು ಅಳತೆ ನೋಡಿದ್ದೀನಿ. ಚಿಕ್ಕ ಮಗೂದಿದ್ದ ಹಾಗೆ, ಒಂದೊಂದು ನನ್ನ ಮುಷ್ಟಿಯಷ್ಟೂ ಇರಲಿಲ್ಲ.